ಕುಡಿತ ಬಿಡಿ, ಆದರೆ ಮೊದಲ ಐದು ದಿನ ವೈದ್ಯರ ಕಣ್ಣೆದುರು ಇರಿ

ಮಾನ್ಯ ಸಂಪಾದಕರೇ,

ಕುಡಿತ ಬಿಡುವ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಒಂದೇ ಮಾತು ಹೇಳುತ್ತವೆ: ಮನಸ್ಸು ಗಟ್ಟಿ ಮಾಡಿ, ಇವತ್ತೇ ಬಿಟ್ಟುಬಿಡಿ. ಅಪರೂಪಕ್ಕೆ ಕುಡಿಯುವವರಿಗೆ ಈ ಮಾತು ಸರಿ. ವರ್ಷಗಟ್ಟಲೆ ದಿನವೂ ಕುಡಿದು, ಬೆಳಿಗ್ಗೆ ಎದ್ದರೆ ಕೈ ನಡುಗುವ, ನಡುಕ ನಿಲ್ಲಲೆಂದೇ ಒಂದು ಗುಟುಕು ಹಾಕುವ ಹಂತಕ್ಕೆ ಬಂದವರ ಪಾಲಿಗೆ ಇದೇ ಮಾತು ಪ್ರಾಣಕ್ಕೆ ಎರವಾಗಬಹುದು. ಅವರು ಬಿಡಬಾರದು ಎಂದಲ್ಲ. ಖಂಡಿತ ಬಿಡಬೇಕು, ಆದರೆ ವೈದ್ಯರ ಕಣ್ಣೆದುರು ಬಿಡಬೇಕು. ಆರೋಗ್ಯದ ಪುಟದಲ್ಲಿ ಮುಂದೆ ಈ ವಿಷಯ ಬಂದಾಗಲೆಲ್ಲ ಇಷ್ಟನ್ನಾದರೂ ಸೇರಿಸಬೇಕೆಂದು ಕೋರಲು ಈ ಪತ್ರ.

ಕಾರಣ ಸರಳವಾಗಿದೆ. ಮದ್ಯವು ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ಶಾಂತಗೊಳಿಸುವ ‘ಗಾಬಾ’ ಎಂಬ ರಾಸಾಯನಿಕದ ಕೆಲಸಕ್ಕೆ ಬಲ ಕೊಡುತ್ತದೆ, ಉದ್ರೇಕಿಸುವ ‘ಗ್ಲುಟಮೇಟ್’ನ ಕೆಲಸವನ್ನು ತಡೆಯುತ್ತದೆ. ದಿನವೂ ಹೀಗಾದಾಗ ಮೆದುಳು ಸಮತೋಲನಕ್ಕಾಗಿ ಎದುರು ದಿಕ್ಕಿಗೆ ಜಗ್ಗಲು ಕಲಿಯುತ್ತದೆ. ಮದ್ಯ ಒಮ್ಮೆಲೇ ನಿಂತರೆ ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟ ಹಾಗೆ. ಇನ್ನೊಂದು ಕಡೆಯವರು ಅಷ್ಟೇ ರಭಸದಿಂದ ಬೀಳುತ್ತಾರೆ.

ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ವಾಕರಿಕೆ, ಕಳವಳ ಶುರುವಾಗುತ್ತವೆ, ನಿದ್ದೆ ಹತ್ತುವುದಿಲ್ಲ. ಹೆಚ್ಚಿನವರಿಗೆ ಇಷ್ಟರಲ್ಲೇ ಮುಗಿದು, ಐದರಿಂದ ಏಳು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನೂ ಕೆಲವರಿಗೆ 48ರಿಂದ 96 ಗಂಟೆಗಳ ನಡುವೆ ಸನ್ನಿ ಹಿಡಿಯುತ್ತದೆ. ವೈದ್ಯರು ಇದಕ್ಕೆ ‘ಡೆಲಿರಿಯಂ ಟ್ರೆಮೆನ್ಸ್’ ಎನ್ನುತ್ತಾರೆ: ಎಲ್ಲಿದ್ದೇನೆ, ಯಾವ ದಿನ ಎಂಬುದು ತಿಳಿಯುವುದಿಲ್ಲ, ಇಲ್ಲದ ಹುಳುಹುಪ್ಪಟೆಗಳು ಕಾಣುತ್ತವೆ, ಮೈ ಬಿಸಿಯಾಗುತ್ತದೆ, ರಕ್ತದೊತ್ತಡ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

ಮನೆಯವರು ಎಡವುವುದು ಇಲ್ಲಿಯೇ. ಎರಡನೇ ದಿನ ಪರವಾಗಿಲ್ಲ ಅನ್ನಿಸಿ ನಿಟ್ಟುಸಿರು ಬಿಟ್ಟಿರುತ್ತಾರೆ. ಮೂರನೇ ರಾತ್ರಿ ಮನುಷ್ಯ ಗೋಡೆಯ ಜೊತೆ ಮಾತಾಡತೊಡಗಿದಾಗ ಹುಚ್ಚು ಎಂದೋ, ಮತ್ತೆ ಕುಡಿಯಲು ಆಡುವ ನಾಟಕವೆಂದೋ ತಿಳಿದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಬೆಳಗಾಗುವವರೆಗೆ ಕಾಯುವ ಸಂಗತಿ ಇದಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಬೇಕು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಕುಡಿಸಬೇಡಿ.

ಯಾರಿಗೆ ಅಪಾಯ ಹೆಚ್ಚು? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದವರಿಗೆ, ಬೆಳಿಗ್ಗೆಯೇ ಕುಡಿಯುವವರಿಗೆ, ವಯಸ್ಸಾದವರಿಗೆ, ಲಿವರ್ ಕೆಟ್ಟವರಿಗೆ, ನಿದ್ದೆ ಮಾತ್ರೆಯ ಅಭ್ಯಾಸವೂ ಇರುವವರಿಗೆ. ಗರ್ಭಿಣಿಯರು ಮತ್ತು ಮನೆಯಲ್ಲಿ ಒಬ್ಬರೇ ಇರುವವರು ಕೂಡ ತಾವಾಗಿಯೇ ಈ ಪ್ರಯತ್ನಕ್ಕೆ ಇಳಿಯಬಾರದು. ಹಲವು ಸಲ ಬಿಟ್ಟು ಹಿಡಿದವರು ‘ಹೋದ ಸಲ ಏನೂ ಆಗಲಿಲ್ಲ’ ಎಂದು ಧೈರ್ಯ ತಂದುಕೊಳ್ಳುತ್ತಾರೆ. ವಾಸ್ತವ ಇದಕ್ಕೆ ತಿರುವುಮುರುವು: ಪ್ರತಿ ಸಲವೂ ಮೆದುಳು ಇನ್ನಷ್ಟು ಸೂಕ್ಷ್ಮವಾಗುತ್ತಾ ಹೋಗುತ್ತದೆ, ಮುಂದಿನ ಸಲದ ತೊಂದರೆ ಹೆಚ್ಚು ತೀವ್ರವಾಗಬಹುದು. ಇಂಥವರು ವೈದ್ಯರನ್ನು ಕಾಣುವ ತನಕ ಥಟ್ಟನೆ ನಿಲ್ಲಿಸದೆ, ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬರುವುದೇ ಕ್ಷೇಮ.

ಬಿಡುವ ಮನಸ್ಸಿಲ್ಲದೆಯೂ ಕುಡಿತ ನಿಲ್ಲುವ ಸಂದರ್ಭಗಳಿವೆ ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಕಾಲು ಮುರಿದು ಅಥವಾ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಸೇರಿದವರಿಗೆ ಮೂರನೇ ದಿನ ಸನ್ನಿ ಹಿಡಿಯುವುದು ಹೀಗೆ. ಮಾನಕ್ಕೆ ಅಂಜಿ ಮನೆಯವರು ‘ಯಾವಾಗಲೋ ಒಮ್ಮೆ ತಗೋತಾರೆ’ ಎಂದು ಬರೆಸಿರುತ್ತಾರೆ. ದಾಖಲಾಗುವಾಗಲೇ ದಿನಕ್ಕೆ ಎಷ್ಟು, ಕೊನೆಯದು ಯಾವಾಗ ಎಂಬ ಎರಡು ಪ್ರಶ್ನೆಗೆ ನಿಜ ಹೇಳಿಬಿಟ್ಟರೆ ವೈದ್ಯರು ಮೊದಲೇ ಔಷಧ ಕೊಟ್ಟು ಅದನ್ನು ತಡೆಯಬಲ್ಲರು.

‘ಎಷ್ಟು’ ಎಂಬುದನ್ನು ಬಾಟಲಿ ಲೆಕ್ಕದಲ್ಲಿ ಹೇಳಿದರೆ ಸಾಲದು. ಎಷ್ಟು ಮಿಲಿ ಎಂಬುದನ್ನು ಲೇಬಲ್ಲಿನಲ್ಲಿರುವ ಶೇಕಡಾವಾರು ಆಲ್ಕೋಹಾಲ್‌ನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.789ರಿಂದ ಗುಣಿಸಿದರೆ ಶುದ್ಧ ಮದ್ಯ ಎಷ್ಟು ಗ್ರಾಂ ಎಂದು ತಿಳಿಯುತ್ತದೆ. ಶೇ 40ರ ವಿಸ್ಕಿ 60 ಮಿಲಿಯಲ್ಲಿ ಸುಮಾರು 19 ಗ್ರಾಂ. ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ಎರಡು ದೊಡ್ಡ ಪೆಗ್‌ಗಿಂತಲೂ ಜಾಸ್ತಿ. ‘ಈಗ ಬರೀ ಬಿಯರು’ ಎಂದು ಸಮಾಧಾನ ಮಾಡಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಚಿಕಿತ್ಸೆ ಅಷ್ಟೇನೂ ನಿಗೂಢವಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆ ಮದ್ಯ ಬಿಟ್ಟುಹೋದ ಜಾಗದಲ್ಲಿ ಮೆದುಳನ್ನು ತಾತ್ಕಾಲಿಕವಾಗಿ ಹಿಡಿದಿಡುತ್ತದೆ. ಲಿವರ್ ಕೆಟ್ಟಿದ್ದರೆ, ವಯಸ್ಸಾಗಿದ್ದರೆ ಲೊರಾಜೆಪಾಮ್. ಮೊದಲ ದಿನ ಪೂರ್ತಿ ಪ್ರಮಾಣ, ಆಮೇಲೆ ದಿನದಿನಕ್ಕೆ ಇಳಿಸುತ್ತಾ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಇವನ್ನು ತಾವೇ ತಂದು ನುಂಗಬಾರದು. ಮದ್ಯದ ಜೊತೆಗೆ ಸೇರಿದರೆ ಉಸಿರೇ ನಿಲ್ಲಬಹುದು, ವಾರಗಟ್ಟಲೆ ಮುಂದುವರಿಸಿದರೆ ಅದೇ ಇನ್ನೊಂದು ಚಟವಾಗಬಹುದು.

ಇದರ ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಕೇ ಬೇಕು. ದೀರ್ಘಕಾಲ ಕುಡಿದವರ ಕರುಳು ಇದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಆರಂಭದಲ್ಲಿ ಇಂಜೆಕ್ಷನ್ ಕೊಡುತ್ತಾರೆ, ಗ್ಲೂಕೋಸ್ ಹಾಕುವುದಿದ್ದರೆ ಅದಕ್ಕೂ ಮೊದಲೇ. ಬಿ1 ತೀರಾ ಕಡಿಮೆಯಾದರೆ ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆಗಳು ತಾವಾಗಿ ಅದುರುತ್ತವೆ, ಮಂಕು ಕವಿಯುತ್ತದೆ. ನೋಡಿದವರಿಗೆ ‘ಮತ್ತೆ ಕುಡಿದಿದ್ದಾನೆ’ ಅನ್ನಿಸುತ್ತದೆ. ಆ ತಪ್ಪು ತಿಳಿವಳಿಕೆಯಲ್ಲಿ ಚಿಕಿತ್ಸೆ ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು.

ಇನ್ನು ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂದು ಮಾರುವ ಪುಡಿಗಳ ಬಗ್ಗೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಇಂಥ ಪುಡಿಯಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಔಷಧ ಮದ್ಯವನ್ನು ದೇಹ ಪೂರ್ತಿಯಾಗಿ ಒಡೆಯದಂತೆ ತಡೆಯುತ್ತದೆ. ಆಗ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಕೂಡಿಕೊಂಡು ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಜೀವಕ್ಕೇ ಕುತ್ತು. ತಾನು ಏನು ನುಂಗುತ್ತಿದ್ದೇನೆ ಎಂದು ಬಲ್ಲವರಿಗೆ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ಲಿವರ್ ಪರೀಕ್ಷೆ ಮಾಡಿಸಿ ಕೊಡಬೇಕಾದ ಔಷಧ ಇದು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಅದರ ಪರಿಣಾಮ ಉಳಿಯುತ್ತದೆ. ಮದ್ಯಸಾರ ಇರುವ ಕೆಮ್ಮಿನ ಸಿರಪ್ ಕೂಡ ತೊಂದರೆ ಕೊಡಬಲ್ಲದು. ಅರಿವಿಲ್ಲದೆ ತಿಂದವರಿಗೆ ಇದ್ಯಾವುದರ ಎಚ್ಚರಿಕೆಯೂ ಇರುವುದಿಲ್ಲ. ಪುಡಿಯಲ್ಲಿ ಏನಿದೆ ಎಂದು ಹೇಳದವರ ಕೈಯಿಂದ ದಯವಿಟ್ಟು ಏನನ್ನೂ ಕೊಳ್ಳಬೇಡಿ. ಪತ್ರಿಕೆಗಳೂ ಅಂಥ ಜಾಹೀರಾತುಗಳಿಗೆ ಜಾಗ ಕೊಡದಿರಲಿ.

ಬಚ್ಚಿಟ್ಟು ಕೊಡಬೇಕಾಗಿಲ್ಲದ ಔಷಧಗಳು ಇದ್ದೇ ಇವೆ. ನಾಲ್ಟ್ರೆಕ್ಸೋನ್ ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ. ಕುಡಿದಾಗ ಸಿಗುವ ಹಿತವನ್ನೇ ಮಂಕಾಗಿಸುತ್ತದೆ. ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧ ತೆಗೆದುಕೊಳ್ಳುವವರಿಗೆ ಇದು ಆಗದು. ಕುಡಿಯುವ ತುಡಿತ ತಗ್ಗಿಸುವ ಅಕ್ಯಾಂಪ್ರೊಸೇಟ್ 333 ಮಿಲಿಗ್ರಾಮಿನ ಎರಡೆರಡು ಮಾತ್ರೆ, ದಿನಕ್ಕೆ ಮೂರು ಸಲ. ಲಿವರ್ ಮೇಲೆ ಹೊರೆಯಾಗದು, ಆದರೆ ಕಿಡ್ನಿ ಪರೀಕ್ಷೆ ಆಗಿರಬೇಕು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ವಾರ ಕಳೆದ ಮೇಲೆ ದೇಹದ ಗಲಾಟೆ ತಣ್ಣಗಾಗಿ ಮನಸ್ಸಿನದು ಶುರುವಾಗುತ್ತದೆ. ನಿದ್ದೆ ಸರಿಯಾಗಲು ಕೆಲವೊಮ್ಮೆ ತಿಂಗಳುಗಳೇ ಬೇಕು. ಇದು ಗೊತ್ತಿಲ್ಲದವರು ‘ಬಿಟ್ಟರೂ ಸುಖವಿಲ್ಲ’ ಎಂದು ಮರಳಿ ಹೋಗುತ್ತಾರೆ. ಕುಡಿಯಬೇಕೆಂಬ ತುಡಿತ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೆ ಏನು ಮಾಡುವುದೆಂದು ಮೊದಲೇ ಬರೆದಿಟ್ಟಿರಬೇಕು: ಯಾರಿಗೆ ಫೋನು, ಯಾವ ದಾರಿಯಲ್ಲಿ ನಡಿಗೆ, ಏನು ತಿನ್ನುವುದು. ಹಸಿವು, ಸಿಟ್ಟು, ಒಂಟಿತನ, ದಣಿವು ಇವು ನಾಲ್ಕೂ ತುಡಿತವನ್ನು ಕೆರಳಿಸುತ್ತವೆ. ಸಂಬಳದ ದಿನ ಕೈಯಲ್ಲಿ ದುಡ್ಡಿಟ್ಟುಕೊಂಡು ಹಳೆಯ ದಾರಿಯಲ್ಲೇ ಮನೆಗೆ ಹೊರಡುವುದು ಬೇಡ.

ಬಿಟ್ಟವರು ಒಂದು ದಿನ ಜಾರಿದರೆ ಮನೆಯವರು ‘ಎಲ್ಲ ಮುಗಿಯಿತು’ ಎನ್ನುತ್ತಾರೆ, ಅವರೂ ಅದನ್ನೇ ನಂಬಿ ಪೂರ್ತಿ ಮುಳುಗುತ್ತಾರೆ. ಒಂದು ಗ್ಲಾಸಿಗೆ ನಿಂತಿದ್ದರೆ ಮರುದಿನವೇ ವೈದ್ಯರಿಗೆ ತಿಳಿಸಿದರೆ ಸಾಕು, ಹಿಂದಿನ ತಿಂಗಳುಗಳ ಲಾಭ ಎಲ್ಲೂ ಹೋಗಿರುವುದಿಲ್ಲ. ಆದರೆ ಜಾರಿದ್ದು ಹಲವು ದಿನಗಳ ಕುಡಿತವಾಗಿ ಬೆಳೆದಿದ್ದರೆ ಮತ್ತೆ ಮನೆಯಲ್ಲೇ ಥಟ್ಟನೆ ನಿಲ್ಲಿಸಲು ಹೋಗಬಾರದು. ಮೊದಲ ಸಲದಂತೆಯೇ ಆ ಐದು ದಿನಗಳನ್ನು ವೈದ್ಯರ ಕಣ್ಣೆದುರೇ ಕಳೆಯಬೇಕು.

ಇತಿ,
ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ತೊಡಗಿರುವ ಓದುಗರು