ಅವನದೂ ಒಂದು ಪರೀಕ್ಷೆ ಆಗಲಿ

ಶಿರಸಿ

ಕೂಸೇ,

"ನಾನೇನು ರೋಗಿಯಾ?" ಎಂದು ನಿನ್ನೆ ಫೋನ್ ಇಟ್ಟುಬಿಟ್ಟೆ. ಅಲ್ಲ. ಬೀಟಾ ಥಲಸೇಮಿಯಾ ಎಂಬ ವಂಶದಿಂದ ಬರುವ ರಕ್ತದ ಕಾಯಿಲೆಯ ವಾಹಕಿ, ಅಷ್ಟೇ: ದೋಷದ ಜೀನು ಒಂದಿದೆ, ಕಾಯಿಲೆಯಿಲ್ಲ. ನಿನ್ನ ವರದಿಯಲ್ಲಿ ಹಿಮೋಗ್ಲೋಬಿನ್ನಿನ ಒಂದು ಬಗೆಯಾದ ಎಚ್‌ಬಿ ಎ2 ಶೇ. 5.1 ಇದೆ, 3.5ರ ಒಳಗಿರಬೇಕಿತ್ತು. ಇವತ್ತು ನನ್ನದೂ ಬಂತು: 5.3. ನನ್ನಿಂದಲೇ ಬಂದದ್ದು. ಆರಿಸಿ ಕೊಟ್ಟದ್ದಲ್ಲ, ಆದರೂ ಸಂಕಟ ಆಗುತ್ತದೆ. ಮದುವೆ ಮಾತಿಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಂಡೆಯಲ್ಲ, ಆ ಧೈರ್ಯ ನನ್ನ ಮಗಳದ್ದು ಎಂದು ಹೆಮ್ಮೆಯೂ ಇದೆ.

ನನ್ನ ಹೆದರಿಕೆ ಕುಮಟೆಯ ಹುಡುಗನದು. ನನ್ನಲ್ಲಿದೆ ಎಂದಮೇಲೆ ನನ್ನ ಒಡಹುಟ್ಟಿದ ನಿನ್ನ ಸೋದರತ್ತೆಯಲ್ಲಿ ಇರುವ ಸಾಧ್ಯತೆ ಅರ್ಧ, ಅವಳ ಮಗನಾದ ಆ ಹುಡುಗನಲ್ಲಿ ಕಾಲು ಭಾಗ. "ಗಟ್ಟಿಮುಟ್ಟಾಗಿದ್ದಾನೆ, ಯಾಕೆ ಕೇಳಬೇಕು" ಅನ್ನುತ್ತೀಯ. ನೋಡಿದರೆ ತಿಳಿಯುವಂತಿದ್ದರೆ ಆನುವಂಶಿಕತೆ ಅರಿಯಲು ಮೆಂಡೆಲ್ ಎಂಟು ವರ್ಷ ಬಟಾಣಿ ಬೆಳೆಯಬೇಕಿರಲಿಲ್ಲ. 5474 ದುಂಡು, 1850 ಸುಕ್ಕು ಬೀಜ ಎಂಬ ಲೆಕ್ಕ ನೀನೂ ಓದಿದ್ದೀಯ. ಅದರ ಮುಂದಿನದನ್ನು ಯಾರೂ ಓದುವುದಿಲ್ಲ. ಆ ದುಂಡು ಬೀಜಗಳನ್ನೇ ಬಿತ್ತಿ 565 ಗಿಡ ಬೆಳೆಸಿದ. 193 ಗಿಡಗಳು ಬರೀ ದುಂಡು ಬೀಜ ಬಿಟ್ಟವು, 372ರಲ್ಲಿ ಸುಕ್ಕು ಮತ್ತೆ ಹೊರಬಿತ್ತು. ಬಿತ್ತುವಾಗ ಎಲ್ಲವೂ ಒಂದೇ ತರಹದ ದುಂಡು. ಮೂರರಲ್ಲಿ ಎರಡು ಪಾಲು ಒಳಗೆ ಸುಕ್ಕನ್ನು ಇಟ್ಟುಕೊಂಡಿದ್ದವು! ಅವನಿಗೆ ಬಿತ್ತದೆ ಗತಿಯಿರಲಿಲ್ಲ. ನಿಮಗೆ ಎರಡು ಮಿಲಿಲೀಟರ್ ರಕ್ತ ಸಾಕು.

1865ರಲ್ಲಿ ಮೆಂಡೆಲ್ ಹೇಳಿದ್ದು ಜಗತ್ತಿಗೆ ನಾಟಿದ್ದು 1900ರಲ್ಲಿ. ಡೆಟ್ರಾಯಿಟ್‌ನ ಕೂಲಿ ಎಂಬ ಮಕ್ಕಳ ವೈದ್ಯ ಈ ಕಾಯಿಲೆಯನ್ನು ವಿವರಿಸಿದ್ದು 1925ರಲ್ಲಿ. ತಂದೆತಾಯಿ ಇಬ್ಬರೂ ವಾಹಕರಾದರೆ ಮಾತ್ರ ಮಗುವಿಗೆ ಬರುತ್ತದೆಂದು ಸ್ಪಷ್ಟವಾಗಲು 1940ರ ದಶಕ ಬರಬೇಕಾಯಿತು. ಮಲೇರಿಯಾ ಇದ್ದ ಸೀಮೆಗಳಲ್ಲಿ ವಾಹಕರೇ ಹೆಚ್ಚು ಉಳಿದಿರಬೇಕೆಂದು ವಿಜ್ಞಾನಿ ಹಾಲ್ಡೇನ್ 1949ರಲ್ಲಿ ಹೇಳಿದ. ನಮ್ಮ ಜಿಲ್ಲೆಯನ್ನೂ ಮಲೇರಿಯಾ ಕಾಡಿತ್ತು. "ನಮ್ಮ ಮನೆತನದಲ್ಲಿ ಅಂಥದ್ದಿಲ್ಲ" ಎಂದು ಅತ್ತೆ ಹೇಳಿದರೆ ತಲೆ ಅಲ್ಲಾಡಿಸಿ ಬರಬೇಡ.

ಉಪದೇಶ ಶುರುವಾಯಿತು ಅನ್ನು, ಪರವಾಗಿಲ್ಲ. ಅವನಿಗೆ ಬರೀ ಹಿಮೋಗ್ಲೋಬಿನ್ ಅಲ್ಲ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಮತ್ತು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎರಡೂ ಆಗಬೇಕು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದೊಡನೆ ಎಂಟು-ಹತ್ತು ಸಲ ಮೆಲ್ಲಗೆ ತಿರುಗಿಸಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಫಲಿತಾಂಶ ನಂಬುವಂತಿಲ್ಲ. ಕಬ್ಬಿಣದ ಕೊರತೆಯಿದ್ದರೆ ಎ2 ಇಳಿದು, ವಾಹಕನೂ ನಾರ್ಮಲ್ ಎಂದು ಕಾಣಬಹುದು. ಅದಕ್ಕೇ ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಲಿ. ಎಂಸಿವಿಯನ್ನು (ಕೆಂಪುಕಣದ ಸರಾಸರಿ ಗಾತ್ರ) ದಶಲಕ್ಷಗಳಲ್ಲಿ ಎಣಿಸಿದ ಕೆಂಪುಕಣಗಳ ಸಂಖ್ಯೆಯಿಂದ ಭಾಗಿಸಿ ನೋಡು: ನಿನ್ನದು 66ಕ್ಕೆ 5.6, ಅಂದರೆ 11.8. 13ಕ್ಕಿಂತ ಕಡಿಮೆಯಾದರೆ ಅನುಮಾನ ಥಲಸೇಮಿಯಾದ ಮೇಲೆ. ಇದು ಅಂದಾಜು ಮಾತ್ರ, ತೀರ್ಪು ಎಚ್‌ಪಿಎಲ್‌ಸಿಯದು.

ಅವನೂ ವಾಹಕನಾದರೆ ಸಂಬಂಧ ಮುರಿಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಈ ಕಾಯಿಲೆ ಬರುವ ಅಪಾಯ ಕಾಲು ಭಾಗ. ಮೊದಲ ಮಗು ಚೆನ್ನಾಗಿ ಹುಟ್ಟಿತೆಂದು ಎರಡನೆಯದಕ್ಕೆ ಅದು ಕಡಿಮೆಯಾಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ಮರೆಯುತ್ತಾರೆ. ನಿಮ್ಮಿಬ್ಬರ ಜೀನಿನ ದೋಷ ಯಾವುದೆಂದು ಬಸಿರಿಗೆ ಮೊದಲೇ ಗೊತ್ತಿದ್ದರೆ 10-12ನೇ ವಾರದಲ್ಲಿ ಮಾಸಿನ ಚೂರು ತೆಗೆದು ನೋಡಬಹುದು. ತಡಮಾಡಿದರೆ ವಾರಗಳು ಕೈತಪ್ಪುತ್ತವೆ.

ನೀನೂ ಫೆರಿಟಿನ್ ನೋಡದೆ ಕಬ್ಬಿಣದ ಮಾತ್ರೆ ನುಂಗಬೇಡ. ಅತ್ತೆಗೆ ನಾನೇ ಫೋನ್ ಮಾಡಲೋ, ನೀನೇ ಅವನ ಹತ್ತಿರ ಮಾತಾಡುತ್ತೀಯೋ, ಭಾನುವಾರದೊಳಗೆ ತಿಳಿಸು. ಆಯಿಯ ಹತ್ತಿರವಾದರೂ ಹೇಳು.

ನಿನ್ನ
ಅಪ್ಪಯ್ಯ