ನಾಲ್ಕು ರುಜು, ಒಂದು ಬಾಡಿಗೆ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಾಲ್ವರು ಸೇರಿ ಮನೆ ಹಿಡಿಯುತ್ತಿದ್ದೀರಂತೆ, ನಿಮ್ಮಪ್ಪ ಹೇಳಿದ. ಸಂತೋಷ. ಫೋನಿನಲ್ಲಿ ಹೇಳಲು ಹೋದರೆ "ಸರಿ ಅತ್ತೆ, ಆಯ್ತು ಅತ್ತೆ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

"ಏನಾದರೂ ಆದರೆ ನನ್ನದು ಕಾಲು ಪಾಲು ತಾನೇ" ಅಂದೆಯಂತೆ ಅವನ ಹತ್ತಿರ. ನನ್ನ ನಿದ್ದೆ ಕೆಡಿಸಿದ್ದು ಆ ಮಾತು. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ನಾವೂ ನಾಲ್ವರೇ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಒಬ್ಬಳು ಓದೇ ಬೇಡವೆಂದು ಹಾಸಿಗೆ ಸುತ್ತಿಕೊಂಡು ಹೊರಟುಹೋದಳು; ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ಛತ್ರಿಯೊಂದು ಉಳಿಯಿತು. ತಿಂಗಳ ಮೊದಲಲ್ಲಿ ಮನೆ ಮಾಲೀಕರು ಬಂದಾಗ ಮೂವರ ಪಾಲು ಎಣಿಸಿ ಕೊಟ್ಟೆವು. ಅವರು ಮತ್ತೊಮ್ಮೆ ಎಣಿಸಿದರು. ಏನೂ ಮಾತಾಡದೆ ಕರಾರುಪತ್ರ ಬಿಡಿಸಿ ಬೆರಳಿಟ್ಟು ತೋರಿಸಿದರು. ಕೆಳಗೆ ರುಜು ನಾಲ್ಕು, ಮೇಲೆ ಬಾಡಿಗೆಯ ಅಂಕಿ ಒಂದೇ. ಪಾಲು ಅನ್ನುವ ಪದವೇ ಆ ಕಾಗದದಲ್ಲಿರಲಿಲ್ಲ, ಅದು ನಾವು ನಾವೇ ಮಾಡಿಕೊಂಡ ಲೆಕ್ಕ. ನಾಲ್ಕು ತಿಂಗಳು ಅವಳ ಬಾಡಿಗೆ ನಾವು ಕಟ್ಟಿದೆವು. ಮಾಲೀಕರ ಮೇಲಿನ ಸಿಟ್ಟು ಕಾಲಕ್ರಮೇಣ ಇಳಿಯಿತು. ಓದದೆ ರುಜು ಹಾಕಿದ ನನ್ನ ಮೇಲಿನದು ಇನ್ನೂ ಪೂರ್ತಿ ಇಳಿದಿಲ್ಲ.

ನಿಮ್ಮ ಕರಾರಿನಲ್ಲಿ "ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆ" ಎಂಬ ಸಾಲಿದೆಯೇ ನೋಡು. ಇದ್ದರೆ ಬಾಡಿಗೆಯಷ್ಟೇ ಅಲ್ಲ, ಇನ್ನೊಬ್ಬಳು ಕಿಟಕಿ ಗಾಜು ಒಡೆದರೂ ಪೂರಾ ಹಣವನ್ನು ನಿನ್ನೊಬ್ಬಳ ಹತ್ತಿರವೇ ಕೇಳಬಹುದು. ಆಮೇಲೆ ಅವಳಿಂದ ವಸೂಲಿ ಮಾಡಿಕೊಳ್ಳುವುದು ನಿನ್ನ ಪಾಡು. ಕೆಲವು ಕಡೆ ಕೋಣೆಗೊಂದು ಕರಾರು ಮಾಡಿಕೊಡುತ್ತಾರೆ. ಅದರಲ್ಲಿ ನಿನ್ನ ಕೋಣೆಯ ಬಾಡಿಗೆಗೆ ಮಾತ್ರ ನೀನು ಹೊಣೆ, ಆದರೆ ಪಕ್ಕದ ಕೋಣೆಗೆ ಯಾರನ್ನು ತಂದು ಹಾಕಬೇಕೆನ್ನುವುದು ಸಾಮಾನ್ಯವಾಗಿ ಮಾಲೀಕರ ಇಷ್ಟ. ನನ್ನನ್ನು ಕೇಳಿದರೆ ಅದೇ ವಾಸಿ. ಗೆಳತಿಯರನ್ನು ಬಿಟ್ಟು ಬರುವವಳಲ್ಲ ನೀನು, ಗೊತ್ತು. ನಿಮ್ಮಪ್ಪ ಜಾಮೀನು ಹಾಕುವುದಿದ್ದರೆ ಅವನ ಹೊಣೆ ನಿನ್ನ ಪಾಲಿಗಷ್ಟೇ ಎಂದು ಬರೆಸಿಕೊಳ್ಳಿ. ಅವನು ಸಂಕೋಚಕ್ಕೆ ಕೇಳುವುದಿಲ್ಲ, ನೀನೇ ಕೇಳು.

ಬೇಡವಾದರೆ ನೋಟಿಸ್ ಕೊಟ್ಟು ಹೊರಟರಾಯ್ತು ಅಂತಲೂ ಅಂದುಕೊಳ್ಳಬೇಡ. ಇಷ್ಟು ತಿಂಗಳೆಂದು ಅವಧಿ ಹಾಕಿದ ಕರಾರಾದರೆ, ನಡುವೆ ಬಿಡಬಹುದೆಂಬ ಷರತ್ತು ಅದರಲ್ಲೇ ಇದೆಯೇ ನೋಡು. ಬದಲಿ ಹುಡುಗಿಯನ್ನು ಹುಡುಕಿ ಬೀಗದ ಕೈ ಕೊಟ್ಟ ಮಾತ್ರಕ್ಕೆ ನಿನ್ನ ಹೆಸರು ಅಳಿಸಿಹೋಗುವುದಿಲ್ಲ. ಮಾಲೀಕರು ಒಪ್ಪಿ ಕಾಗದ ಬದಲಾಗಬೇಕು. ಕಾನೂನು ಊರಿಂದೂರಿಗೆ ಬೇರೆ. ಕಾಲೇಜಿನಲ್ಲಿ ವಸತಿ ನೋಡಿಕೊಳ್ಳುವವರಿದ್ದರೆ ಅವರಿಗೊಮ್ಮೆ ಕರಾರು ತೋರಿಸು.

ಇನ್ನು ಅಡ್ವಾನ್ಸ್. ಕೊನೇ ತಿಂಗಳು ಬಾಡಿಗೆ ಕಟ್ಟದೆ "ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ" ಅನ್ನುವುದು ಅವರು ಒಪ್ಪಿದರೆ ಸರಿ, ಇಲ್ಲವಾದರೆ ಅದು ಬಾಕಿಯೇ. ಅಡ್ವಾನ್ಸ್ ಉಳಿಯುವುದೋ ಹೋಗುವುದೋ ಮೊದಲ ದಿನವೇ ಅರ್ಧ ತೀರ್ಮಾನವಾಗಿರುತ್ತದೆ. ಸಾಮಾನು ಇಳಿಸುವ ಮುಂಚೆ ಮನೆಯೆಲ್ಲ ಸುತ್ತು. ಪರದೆ ಸರಿಸು, ತೇವದ ಕಲೆ ಅಡಗಿ ಕೂರುವುದು ಅದರ ಹಿಂದೆಯೇ. ಹಾಸಿಗೆ ಎತ್ತಿ ನೋಡು. ಸಿಂಕಿನ ಕೆಳಗೆ ಕೈಯಾಡಿಸು. ಬೀರುವಿನ ಬಾಗಿಲು ತೆರೆದು ಮುಚ್ಚು, ಒಂದು ಕೀಲಾದರೂ ಸಡಿಲವಾಗಿರುತ್ತದೆ. ಎಲ್ಲದರ ಫೋಟೊ, ಮೀಟರಿನ ಅಂಕಿಯದೂ, ಅವತ್ತೇ ಮಾಲೀಕರಿಗೆ ಕಳಿಸು. ತಾರೀಖು ತಾನಾಗಿ ಉಳಿಯುತ್ತದೆ. ಓಡಾಡಿ ಸವೆದ ನೆಲ, ಬಿಸಿಲಿಗೆ ಮಾಸಿದ ಬಣ್ಣ, ಇವನ್ನು ನೀವು ಕೆಡಿಸಿದ್ದೆಂದು ಹಣ ಹಿಡಿದರೆ ಸುಮ್ಮನೆ ಒಪ್ಪಬೇಡ. ಗೋಡೆಗೆ ಮೊಳೆ ಹೊಡೆದರೆ ಮಾತ್ರ ನಾನು ನಿನ್ನ ಕಡೆ ಇಲ್ಲ.

"ಹೀಟರ್ ರಿಪೇರಿ ಮಾಡಿಸಿಕೊಡುತ್ತೇನೆ" ಎಂದಿದ್ದಾರಲ್ಲ, ಅದನ್ನೂ ಕರಾರಿನಲ್ಲಿ ಸೇರಿಸಲಿ, ಕೊನೇಪಕ್ಷ ಮೆಸೇಜಿನಲ್ಲಾದರೂ ಬರಲಿ. ಅವರು ಮಾಡಿಸಿರುವ ವಿಮೆ ಕಟ್ಟಡಕ್ಕೆ. ನಿನ್ನ ಲ್ಯಾಪ್‌ಟಾಪ್ ಕಳುವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಕರೆಂಟು, ಇಂಟರ್ನೆಟ್ ಬಿಲ್ಲೆಲ್ಲ ನಿನ್ನ ಹೆಸರಿಗೇ ಹಾಕಿಸಿಕೊಳ್ಳಬೇಡ, ಹಂಚಿಕೊಳ್ಳಿ. ಬಿಲ್ ಯಾರ ಹೆಸರಿಗಿದೆಯೋ ಬಾಕಿಯೂ ಅವರದೇ.

ಆಪ್ತ ಗೆಳತಿಯರಾದ್ದರಿಂದ ಇದೆಲ್ಲ ಮಾತಾಡಲು ಮುಜುಗರ ಅನ್ನುತ್ತೀಯ. ಆ ಛತ್ರಿಯವಳೂ ನನ್ನ ಆಪ್ತಳೇ. ಒಬ್ಬಳು ನಡುವೆ ಬಿಟ್ಟರೆ ಏನು ಮಾಡುವುದೆಂದು ಒಂದು ಸಂಜೆ ಕೂತು ಮಾತಾಡಿ, ಒಂದೇ ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿಟ್ಟುಕೊಳ್ಳಿ. ಮಾಲೀಕರಿಗೆ ಅದರ ಲೆಕ್ಕವಿಲ್ಲ, ನಿಮ್ಮ ನಿಮ್ಮಲ್ಲಿ ಇರಲಿ.

"ಇವತ್ತೇ ರುಜು ಹಾಕದಿದ್ದರೆ ಬೇರೆಯವರಿಗೆ ಕೊಡುತ್ತೇವೆ" ಅಂದರೆ ಕೊಡಲಿ ಬಿಡು. ಕರಾರಿನ ಎಲ್ಲ ಪುಟಗಳ ಫೋಟೊ ನನಗೆ ಕಳಿಸು, ರಾತ್ರಿ ಓದಿ ಬೆಳಿಗ್ಗೆ ಫೋನ್ ಮಾಡುತ್ತೇನೆ. ಹಿಂಬದಿಯಲ್ಲಿ ಸಣ್ಣ ಅಕ್ಷರ ಇದ್ದರೆ ಅದನ್ನು ಹತ್ತಿರದಿಂದ ತೆಗೆ, ನನ್ನ ಕನ್ನಡಕ ಹಳೆಯದು.

ಇಂತಿ,
ನಿನ್ನ ಅತ್ತೆ