‘ಹೈರಾಕ್ರಸಿ’ಗೆ ತಕ್ಕ ಕನ್ನಡ ಪದ ಬಳಸಿ

ಮಾನ್ಯರೇ,

ಇರಾನ್ ಕುರಿತ ಬರಹಗಳಲ್ಲಿ ‘ಥಿಯಾಕ್ರಸಿ’ ಹಾಗೂ ಅಪರೂಪದ ‘ಹೈರಾಕ್ರಸಿ’ ಎಂಬ ಎರಡೂ ಪದಗಳಿಗೆ ‘ಧಾರ್ಮಿಕ ಆಡಳಿತ’ ಎಂದು ಬರೆದರೆ ಅವುಗಳ ಅರ್ಥಭೇದ ಅಳಿಸಿಹೋಗುತ್ತದೆ. ಕ್ರಿ.ಶ. ಮೊದಲ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್, ಯಹೂದಿಗಳ ಪ್ರವಾದಿ ಮೋಶೆಯು ಸರ್ವಾಧಿಕಾರವನ್ನೂ ದೇವರಿಗೇ ಒಪ್ಪಿಸಿದನೆಂದು ಹೇಳಲು ‘ಥಿಯೋಸ್’ (ದೇವರು) ಮತ್ತು ‘ಕ್ರಾತೋಸ್’ (ಅಧಿಕಾರ) ಎಂಬ ಗ್ರೀಕ್ ಪದಗಳಿಂದ ಮೊದಲನೆಯದನ್ನು ರೂಪಿಸಿದ. ಹಾಗೆ ಮಾಡುವಾಗ ತಾನು ಭಾಷೆಯನ್ನು ತುಸು ಬಲವಂತಪಡಿಸುತ್ತಿರುವುದಾಗಿ ಅವನೇ ಒಪ್ಪಿಕೊಂಡಿರುವುದು ಪದ ಕಟ್ಟುವವರೆಲ್ಲ ನೆನೆಯಬೇಕಾದ ವಿನಯ. ಎರಡನೆಯದು ‘ಹಿಯೆರೋಸ್’, ಅಂದರೆ ಪವಿತ್ರ, ಎಂಬ ಗ್ರೀಕ್ ಪದದಿಂದ ಬಂದು ಪುರೋಹಿತವರ್ಗದ ಆಳ್ವಿಕೆಯನ್ನು ಸೂಚಿಸುತ್ತದೆ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. 1979ರ ಸಂವಿಧಾನದ ಮೂಲಕ ಧರ್ಮಶಾಸ್ತ್ರಜ್ಞರೊಬ್ಬರಿಗೆ ಪರಮಾಧಿಕಾರ ನೀಡಿರುವ ಇರಾನಿನ ವ್ಯವಸ್ಥೆಯಲ್ಲಿ ದೇವರ ಹೆಸರಿನಲ್ಲಿ ಆಳುತ್ತಿರುವವರು ಮನುಷ್ಯರೇ ಎಂಬುದನ್ನು ಈ ಪದ ಮರೆಮಾಚುವುದಿಲ್ಲವಾದ್ದರಿಂದ ನನಗೆ ಇದು ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ನಮ್ಮಲ್ಲಿ ‘ಧಾರ್ಮಿಕ’ ಎಂಬುದು ದತ್ತಿ ಇಲಾಖೆಯ ಹೆಸರಿನಲ್ಲಿಯೂ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಆದ್ದರಿಂದ ಪತ್ರಿಕೆಯು ಮೊದಲನೆಯದಕ್ಕೆ ‘ದೇವಪ್ರಭುತ್ವ’, ಎರಡನೆಯದಕ್ಕೆ ‘ಧರ್ಮಗುರುಪ್ರಭುತ್ವ’ ಎಂದು ಬಳಸಿ, ಆರಂಭದ ಕೆಲವು ವರದಿಗಳಲ್ಲಿ ಅರ್ಥವನ್ನು ಒಂದು ಸಾಲಿನಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು